ಸಾಹಿತ್ಯ: ಜಾನಪದ

ಆರನೇ ಇಯತ್ತೆಯವರೆಗೂ ಜಾನಪದ ಎಂದರೆ ಒಬ್ಬ ಮನುಷ್ಯನ ಹೆಸರು ಎಂದೇ ನಾನು ನಂಬಿದ್ದೆ. ತಪ್ಪು ನನ್ನದಲ್ಲ. ಮನೆಗೆ ಬರುತ್ತಿದ್ದ ಕ್ಯಾಸೆಟ್ಟುಗಳ ಹೊದಿಕೆಯ ಮೇಲೆ ಹಾಗೆಯೇ ಅಚ್ಚಾಗಿರುತ್ತಿತ್ತು. ಭಾವಗೀತೆಯ ಕ್ಯಾಸೆಟ್ಟಾದರೆ ಸಾಹಿತ್ಯ: ಬೇಂದ್ರೆ, ಸಾಹಿತ್ಯ: ಕುವೆಂಪು. ನಮ್ಮ ಕಡೆಯ ಹಾಡುಗಳದ್ದಾದರೆ ಸಾಹಿತ್ಯ: ಜಾನಪದ. ಸೋಬಾನೆ ಪದವೂ ಆತನದೇ, ಡೊಳ್ಳಿನ ಪದವೂ ಆತನದೇ, ಎಲ್ಲಮ್ಮನ ಚೌಡಕಿ ಪದವೂ ಆತನದೇ. ಇಷ್ಟು ಬರೆದವನಿಗೆ ಜ್ಞಾನಪೀಠ ಯಾಕೆ ಕೊಟ್ಟಿಲ್ಲ ಅಂತ ಮಾಸ್ತರರನ್ನು ಕೇಳಿ ಇಡೀ ವರ್ಗವನ್ನು ನಗಿಸಿದ್ದೆ.

ಅದು ಈಗ ನೆನಪಾಗಲು ಕಾರಣ ಈ ಪತ್ರಿಕೆಯ ಗೆಳೆಯರೇ. ಪುಣೆಯಲ್ಲಿ ನೆಲೆಸಿದ ನಾವೆಲ್ಲ ಊರಿನಿಂದ ತಂದಿಟ್ಟುಕೊಂಡ ಹಳೆಯ ಕ್ಯಾಸೆಟ್ಟುಗಳನ್ನು ಹುಡುಕಿ, ಅವುಗಳ ಧ್ವನಿಯನ್ನು ಇಲ್ಲಿ ಒಂದೊಂದಾಗಿ ಕೇಳಿಸಬೇಕು ಎಂಬ ಯೋಚನೆ ಅವರದು. ನನ್ನ ಹತ್ತಿರ ನಮ್ಮ ಆಯಿ ಹಾಡಿದ ಬೀಸುಕಲ್ಲಿನ ಪದಗಳ ಒಂದು ಕ್ಯಾಸೆಟ್ ಇದೆ ಎಂದು ಯಾವಾಗಲೋ ಮಾತಿಗೆ ಹೇಳಿಬಿಟ್ಟಿದ್ದೆ. ಕಳಿಸು ಎಂದರು. ಹೂಂ ಎಂದೆ. ಎರಡು ತಿಂಗಳಾಯಿತು, ಕಳಿಸಿಲ್ಲ. ಯಾಕೆ ಎಂದು ಅವರು ಕೇಳಿದಾಗಲೆಲ್ಲ ಟೇಪಿಗೆ ಬೂಸು ಹಿಡಿದಿದೆ ಎಂದು ನೆಪ ಹೇಳಿದೆ. ಬೂಸು ಹಿಡಿದದ್ದು ಖರೆ. ಆದರೆ ಬುಧವಾರ ಪೇಟೆಯ ಒಬ್ಬ ಮುದುಕ ಮೆಕ್ಯಾನಿಕ್ ಅದನ್ನು ಒಂದೇ ದಿನದಲ್ಲಿ ಸ್ವಚ್ಛ ಮಾಡಿ ಪೆನ್ ಡ್ರೈವಿಗೆ ಹಾಕಿಕೊಟ್ಟಿದ್ದ. ತಡವಾದದ್ದಕ್ಕೆ ಕಾರಣ ಬೇರೆ.

ಮೊದಲು ಕ್ಯಾಸೆಟ್ಟಿನ ಕತೆ. ನಮ್ಮೂರು ಇಂಡಿ ಕಡೆಯದು. 1995ರ ಸಂಕ್ರಾಂತಿಗೆ ನಮ್ಮಪ್ಪ ಸೊಲ್ಲಾಪುರದ ಸಿದ್ಧೇಶ್ವರ ಜಾತ್ರೆಗೆ ಹೋದವನು ಒಂದು ಜಾನಪದ ಗೀತೆಗಳ ಕ್ಯಾಸೆಟ್ ತಂದಿದ್ದ. ಅದೇ ಬೇಸಿಗೆಯಲ್ಲಿ ಅಕ್ಕನ ಮದುವೆ. ಆ ಹೊತ್ತಿಗೆ ನಮ್ಮಲ್ಲಿ ದಿನಾ ಬೀಸುವುದು ಎಂದೋ ನಿಂತಿತ್ತು, ಊರಿನಲ್ಲಿ ಹಿಟ್ಟಿನ ಗಿರಣಿ ಇತ್ತು. ಆದರೂ ಮದುವೆಯ ಅರಿಷಿಣ ಬೀಸುಕಲ್ಲಿನಲ್ಲೇ ಆಗಬೇಕು. ಆಯಿ ಮತ್ತು ದೊಡ್ಡವ್ವ ಎದುರುಬದುರು ಕುಳಿತು ಗೂಟ ಹಿಡಿದರು. ನಾನು ಮನೆಯ ಟೂ-ಇನ್-ಒನ್ ಎತ್ತಿಕೊಂಡು ಒಳಗೆ ಹೋದೆ. ಖಾಲಿ ಕ್ಯಾಸೆಟ್ ಇರಲಿಲ್ಲ. ಕಂಪನಿಯ ಕ್ಯಾಸೆಟ್ಟಿನ ಮೇಲೆ ಯಾರೂ ತುಂಬಬಾರದೆಂದು ಅದರ ಅಂಚಿನ ಎರಡು ಚಿಕ್ಕ ಪ್ಲಾಸ್ಟಿಕ್ ಹಲ್ಲು ಮುರಿದಿರುತ್ತಾರೆ. ಆ ತೂತಿಗೆ ಕಾಗದದ ಉಂಡೆ ತುರುಕಿದರೆ ಮತ್ತೆ ರೆಕಾರ್ಡ್ ಆಗುತ್ತದೆ ಎಂಬ ವಿದ್ಯೆ ಆ ಕಾಲದ ಎಲ್ಲ ಹುಡುಗರಿಗೂ ಗೊತ್ತಿತ್ತು. ಅಪ್ಪ ಜಾತ್ರೆಯಿಂದ ತಂದ ಜಾನಪದದ ಮೇಲೆ ನಾನು ಆಯಿಯನ್ನು ತುಂಬಿಬಿಟ್ಟೆ.

ಹೀಗಾಗಿ ಇವತ್ತಿಗೂ ಆ ಟೇಪಿನಲ್ಲಿ ಇಪ್ಪತ್ತು ನಿಮಿಷ ಕಲ್ಲಿನ ಗರಗರ, ಬಳೆಯ ಸದ್ದು, ಇಬ್ಬರು ಹೆಂಗಸರ ದನಿ. ಆಮೇಲೆ ಒಂದು ಟಕ್ ಶಬ್ದ. ಕೂಡಲೇ ಕೀಬೋರ್ಡು, ರಿದಮ್ ಪ್ಯಾಡು, ಅರ್ಧ ಸಾಲಿನಿಂದ ಶುರುವಾಗುವ ಕಂಪನಿಯ ಹಾಡು. ಒಂದೇ ರಿಬ್ಬನ್ನಿನ ಮೇಲೆ ಎರಡು ಜಾನಪದ.

ಇವುಗಳಲ್ಲಿ ಮೊದಲನೆಯದು ಅಸಲಿ, ಎರಡನೆಯದು ನಕಲಿ ಎಂದು ಹೇಳುವುದು ಸುಲಭ, ಮತ್ತು ನಾವು ಪೇಟೆ ಸೇರಿದವರು ಅದನ್ನು ಬಹಳ ಇಷ್ಟಪಟ್ಟು ಹೇಳುತ್ತೇವೆ. ನನಗೆ ಅದು ಒಪ್ಪಿಗೆಯಿಲ್ಲ. ತೊಂಬತ್ತರ ದಶಕದ ಆ ಕ್ಯಾಸೆಟ್ಟುಗಳನ್ನು ಹೀಯಾಳಿಸುವವರು ಅದಕ್ಕೂ ಮುಂಚೆ ಏನಿತ್ತು ಎಂಬುದನ್ನು ಮರೆತಿರುತ್ತಾರೆ. ಗ್ರಾಮಫೋನ್ ತಟ್ಟೆ ಅಚ್ಚು ಹಾಕಲು ದೊಡ್ಡ ಕಾರ್ಖಾನೆ ಬೇಕಿತ್ತು, ದಶಕಗಟ್ಟಲೆ ಆ ವ್ಯಾಪಾರ ಎಚ್‌ಎಂವಿ ಕೈಯಲ್ಲಿತ್ತು. ಕ್ಯಾಸೆಟ್ಟಿಗೆ ಒಂದು ಕೋಣೆ, ಒಂದು ನಕಲು ಯಂತ್ರ ಸಾಕು. ಉತ್ತರ ಭಾರತದ ಈ ಬದಲಾವಣೆಯನ್ನು ಪೀಟರ್ ಮ್ಯಾನುಯೆಲ್ ಎಂಬ ಅಮೆರಿಕನ್ ವಿದ್ವಾಂಸರು 1993ರಲ್ಲೇ ‘ಕ್ಯಾಸೆಟ್ ಕಲ್ಚರ್’ ಎಂಬ ಪುಸ್ತಕದಲ್ಲಿ ವಿವರವಾಗಿ ಬರೆದರು. ನಮ್ಮ ಕಡೆ ಆದದ್ದೂ ಅದೇ. ಗೀಗೀ ಮೇಳದವರು, ಮೊಹರಮ್ಮಿನ ರಿವಾಯತ್ ಪದದವರು, ಭಜನೆಯವರು ತಮ್ಮದೇ ಮಾತಿನಲ್ಲಿ ತಮ್ಮ ದನಿಯನ್ನು ಮೊದಲ ಸಲ ಪೆಟ್ಟಿಗೆಯೊಳಗೆ ಕೇಳಿದರು. ಸಿ. ಅಶ್ವಥ್ ಅವರ ದನಿಯಲ್ಲಿ, 1990ರ ನಾಗಾಭರಣರ ಸಿನಿಮಾದ ಮೂಲಕ, ಶಿಶುನಾಳ ಶರೀಫರು ಬೆಂಗಳೂರಿನ ಮನೆಮನೆಗೆ ಹೋದರು. ಹಾವೇರಿ, ಧಾರವಾಡದ ಭಜನಾ ಮೇಳಗಳವರು ಆ ಪದಗಳನ್ನು ತಲೆಮಾರುಗಳಿಂದ ಹಾಡುತ್ತಲೇ ಇದ್ದರು ಎಂಬುದು ಬೇರೆ ಮಾತು. ರಾತ್ರಿಯೆಲ್ಲ ನಡೆಯುವ ಹಾಡಿಕಿ ಅರ್ಧ ಗಂಟೆಯ ಒಂದು ಬದಿಗೆ ಕುಗ್ಗಿತು, ನಿಜ. ಆದರೆ ಪುಣೆಗೆ ದುಡಿಯಲು ಬಂದ ನಮ್ಮ ಕಡೆಯ ಗೌಂಡಿಯೊಬ್ಬ ಕಟ್ಟುತ್ತಿದ್ದ ಕಟ್ಟಡದ ಕೆಳಗೆ ತಗಡಿನ ಶೆಡ್ಡಿನಲ್ಲಿ ಕುಳಿತು ಆ ಅರ್ಧ ಗಂಟೆಯನ್ನೇ ಕೇಳಿ ಸಮಾಧಾನಪಟ್ಟುಕೊಂಡಿದ್ದರೆ ಅದನ್ನು ನಕಲಿ ಎನ್ನಲು ನಾನು ಯಾರು?

ನನ್ನ ತಕರಾರು ಕೀಬೋರ್ಡಿನ ಮೇಲಲ್ಲ, ಹೊದಿಕೆಯ ಮೇಲಿನ ಆ ಎರಡು ಶಬ್ದಗಳ ಮೇಲೆ.

ಸಾಹಿತ್ಯ ಜಾನಪದ ಎಂದರೆ ವ್ಯವಹಾರದ ಮಾತಿನಲ್ಲಿ ಅರ್ಥ ಇಷ್ಟೇ: ಯಾರಿಗೂ ದುಡ್ಡು ಕೊಡಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಲೇಖಕ ಯಾರು ಎಂದು ಕೇಳುತ್ತದೆ. ಲೇಖಕ ಇಲ್ಲದ ಹಾಡಿಗೆ ಅಲ್ಲಿ ಜಾಗವಿಲ್ಲ. ಆದರೆ ಅದೇ ಹಾಡನ್ನು ಒಂದು ಕಂಪನಿ ರೆಕಾರ್ಡ್ ಮಾಡಿದ ಕೂಡಲೇ ಆ ಧ್ವನಿಮುದ್ರಣಕ್ಕೆ ಅರವತ್ತು ವರ್ಷದ ಹಕ್ಕು ಹುಟ್ಟುತ್ತದೆ. ಹಾಡಿದವರಿಗೂ ಒಂದಿಷ್ಟು ಹಕ್ಕು ಉಂಟು ಎಂದು ಕಾಯ್ದೆ ಒಪ್ಪಿದ್ದು 1994ರ ತಿದ್ದುಪಡಿಯಲ್ಲಿ. ಆದರೂ ಒಂದು ಸಲ ಕೈಗೆ ಬಿದ್ದ ಮೊತ್ತಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿಬಿಟ್ಟರೆ ಆ ಹಕ್ಕು ಕಾಗದದಲ್ಲೇ ಉಳಿಯುತ್ತಿತ್ತು. ನೂರು ವರ್ಷ ಯಾರದೂ ಅಲ್ಲದ್ದು ಒಂದು ಮಧ್ಯಾಹ್ನ ಸ್ಟುಡಿಯೋದೊಳಗೆ ಹೋಗಿ ಸಂಜೆಗೆ ಒಬ್ಬರದಾಗಿ ಹೊರಗೆ ಬರುತ್ತದೆ. ಕಳ್ಳತನ ಎಂದು ಇದನ್ನು ಕರೆಯಲು ಬರುವುದಿಲ್ಲ, ಯಾಕೆಂದರೆ ಕಳೆದುಕೊಂಡವರು ಯಾರೂ ದೂರು ಕೊಟ್ಟಿಲ್ಲ. ಕಳೆದುಕೊಂಡೆವೆಂದು ಅವರಿಗೆ ಅನಿಸಿಯೇ ಇಲ್ಲ.

ಇನ್ನೊಂದು ಸಂಗತಿ. ಆ ಕ್ಯಾಸೆಟ್ಟುಗಳಲ್ಲಿದ್ದ ಎಷ್ಟೋ ಪದಗಳು ನಿಜವಾಗಿ ಹೆಸರಿಲ್ಲದವೇ ಅಲ್ಲ. ಹರದೇಶಿ–ನಾಗೇಶಿ ವಾದದ ಲಾವಣಿ ಕೇಳಿದವರಿಗೆ ಗೊತ್ತು: ಕಡೆಯ ನುಡಿಯಲ್ಲಿ ಕವಿ ತನ್ನ ಊರು, ತನ್ನ ಗುರು, ಕೆಲವೊಮ್ಮೆ ತನ್ನ ಹೆಸರು ಸೇರಿಸಿಯೇ ಪದ ಮುಗಿಸುತ್ತಾನೆ. ಶರೀಫರ ಪದ ಶರೀಫರದೆಂದು ನಾವು ಗುರುತಿಸುವುದೂ ಕಡೆಯ ಸಾಲಿನ ಅಂಕಿತದಿಂದಲೇ. ಟೇಪು ಸಾಲದೆ ಕಡೆಯ ನುಡಿ ಬಿಟ್ಟ ಕ್ಯಾಸೆಟ್ಟುಗಳನ್ನು ನಾನು ಕೇಳಿದ್ದೇನೆ. ಕಡೆಯ ನುಡಿ ಇದ್ದೂ ಹೊದಿಕೆಯ ಮೇಲೆ ಜಾನಪದ ಎಂದೇ ಅಚ್ಚಾದವನ್ನೂ ನೋಡಿದ್ದೇನೆ. ಹೇಳಿದರೂ ಕೇಳಿಸಿಕೊಳ್ಳದ ಕಿವಿಗೆ ಎಲ್ಲವೂ ಜಾನಪದವೇ.

ಇದನ್ನೆಲ್ಲ ಕ್ಯಾಸೆಟ್ ಕಂಪನಿಯವರ ತಲೆಗೇ ಕಟ್ಟಿ ಕೈ ತೊಳೆದುಕೊಳ್ಳುವ ಹಾಗೂ ಇಲ್ಲ. ನಮ್ಮ ಸೀಮೆಯ ಹೆಮ್ಮೆ ಹಲಸಂಗಿ ಗೆಳೆಯರು. ಅವರು 1931ರಲ್ಲಿ ‘ಗರತಿಯ ಹಾಡು’ ಹೊರತರದೆ ಇದ್ದಿದ್ದರೆ ಈ ತ್ರಿಪದಿಗಳಿಗೆ ಕನ್ನಡದ ಓದುಬರಹದ ಲೋಕದಲ್ಲಿ ಜಾಗ ಸಿಗಲು ಇನ್ನೆಷ್ಟು ಕಾಲ ಬೇಕಿತ್ತೋ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾ, ಕಾಪಸೆ ರೇವಪ್ಪ ಎಂದು ಆ ಗೆಳೆಯರ ಹೆಸರನ್ನು ನಾನು ನಿದ್ದೆಯಲ್ಲೂ ಹೇಳಬಲ್ಲೆ. ಹಾಡಿಕೊಟ್ಟ ಗರತಿಯರಲ್ಲಿ ಒಬ್ಬಳ ಹೆಸರು ಹೇಳು ಎಂದರೆ ನನ್ನ ಬಾಯಿ ಕಟ್ಟುತ್ತದೆ. ಆ ಗೆಳೆಯರು ದುಡ್ಡಿಗೆ ಮಾಡಿದ್ದಲ್ಲ, ಪ್ರೀತಿಯಿಂದ ಮಾಡಿದರು. ಆದರೆ ಹೆಸರು ಮರೆಯುವುದಕ್ಕೆ ದುಡ್ಡಿನ ಆಸೆಯೇ ಬೇಕಾಗಿಲ್ಲ, ಪ್ರೀತಿಯೂ ಸಾಕಾಗುತ್ತದೆ.

ಅಮೆರಿಕದ ಕಂಟ್ರಿ ಸಂಗೀತದ ಕತೆಯಲ್ಲೂ ಇದೇ ಗಂಟು ಇದೆ. 1927ರಲ್ಲಿ ಬ್ರಿಸ್ಟಲ್ ಎಂಬ ಊರಿಗೆ ರಾಲ್ಫ್ ಪಿಯರ್ ಎಂಬಾತ ಧ್ವನಿಮುದ್ರಣದ ಯಂತ್ರ ತಂದು ಗುಡ್ಡಗಾಡಿನ ಹಾಡುಗಾರರನ್ನು ಕರೆದ. ಹಾಗೆ ಬಂದ ಕಾರ್ಟರ್ ಕುಟುಂಬದ ಎ.ಪಿ. ಕಾರ್ಟರ್ ಮುಂದೆ ಊರೂರು ತಿರುಗಿ ಹಾಡು ಸಂಗ್ರಹಿಸಿದರು. ಜೊತೆಗೆ ಲೆಸ್ಲಿ ರಿಡಲ್ ಎಂಬ ಕಪ್ಪು ಜನಾಂಗದ ಗಿಟಾರ್ ವಾದಕರು. ಕಾರ್ಟರ್ ಸಾಹಿತ್ಯ ಬರೆದುಕೊಳ್ಳುತ್ತಿದ್ದರು, ರಿಡಲ್ ಧಾಟಿಯನ್ನು ನೆನಪಿಟ್ಟುಕೊಳ್ಳುತ್ತಿದ್ದರು. ಹಕ್ಕು ನೋಂದಾಯಿಸಿದಾಗ ಇದ್ದದ್ದು ಕಾರ್ಟರ್ ಹೆಸರು. ಕಂಟ್ರಿ ಸಂಗೀತ ಕೋಟಿಗಟ್ಟಲೆ ಡಾಲರಿನ ವ್ಯಾಪಾರವಾದ ತೊಂಬತ್ತರ ದಶಕದಲ್ಲೂ ಅದರ ಬುಡದಲ್ಲಿ ಇಂಥ ಹೆಸರಿಲ್ಲದ ದನಿಗಳು ಬೇಕಾದಷ್ಟಿದ್ದವು.

ಆದರೆ ಅಲ್ಲಿಯದೇ ಇನ್ನೊಂದು ಪ್ರಸಂಗ ನನಗೆ ಹೆಚ್ಚು ಮುಖ್ಯ. 1959ರಲ್ಲಿ ಮಿಸಿಸಿಪ್ಪಿಯ ಪಾರ್ಚ್‌ಮನ್ ಸೆರೆಮನೆಯಲ್ಲಿ ಕಟ್ಟಿಗೆ ಕಡಿಯುತ್ತ ಹಾಡುತ್ತಿದ್ದ ಕೈದಿಗಳನ್ನು ಅಲನ್ ಲೊಮ್ಯಾಕ್ಸ್ ಧ್ವನಿಮುದ್ರಿಸಿದ್ದರು. ನಲವತ್ತು ವರ್ಷ ಕಳೆದ ಮೇಲೆ, 2000ದಲ್ಲಿ, ಆ ಹಾಡು ಒಂದು ಸಿನಿಮಾದ ಧ್ವನಿಮುದ್ರಿಕೆಗೆ ಸೇರಿತು. ಹಳೆಯ ಗ್ರಾಮೀಣ ಸಂಗೀತದ ಆ ಆಲ್ಬಮ್ ಲಕ್ಷಗಟ್ಟಲೆ ಮಾರಾಟವಾಯಿತು. ಲೊಮ್ಯಾಕ್ಸರ ಸಂಗ್ರಹಾಲಯದವರು ಸುಮ್ಮನಿರಲಿಲ್ಲ, ಹಾಡಿಸಿದ ಕೈದಿಯನ್ನು ಹುಡುಕಿದರು. ಜೇಮ್ಸ್ ಕಾರ್ಟರ್ ಎಂಬ ಆ ಮನುಷ್ಯ ಶಿಕಾಗೋದಲ್ಲಿ ಸಿಕ್ಕಾಗ ವಯಸ್ಸು ಎಪ್ಪತ್ತು ದಾಟಿತ್ತು, ಆ ಹಾಡು ಹಾಡಿದ್ದೇ ಆತನಿಗೆ ನೆನಪಿರಲಿಲ್ಲ. ಕೈಗೆ ಇಪ್ಪತ್ತು ಸಾವಿರ ಡಾಲರಿನ ಚೆಕ್ ಕೊಟ್ಟರು. ಹೀಗೆ ಹುಡುಕಲು ಸಾಧ್ಯವಾದದ್ದು 1959ರಲ್ಲಿ ಸೆರೆಮನೆಯ ಅಂಗಳದಲ್ಲಿ ಯಾರೋ ಒಬ್ಬರು ಕೈದಿಯ ಹೆಸರು ಬರೆದಿಟ್ಟುಕೊಂಡಿದ್ದರಿಂದ.

ಅಮೆರಿಕದವರೆಗೆ ಹೋಗಬೇಕಾಗಿಯೂ ಇರಲಿಲ್ಲ. ನಾನಿರುವ ಈ ಊರಲ್ಲೇ ಒಂದು ದೊಡ್ಡ ಉದಾಹರಣೆ ಇತ್ತು, ಪುಣೆಗೆ ಬಂದು ಹತ್ತು ವರ್ಷವಾದ ಮೇಲೆ ಅದು ನನ್ನ ಕಣ್ಣಿಗೆ ಬಿತ್ತು. ಫ್ರಾನ್ಸಿನಿಂದ ಬಂದು ಪುಣೆಯವರೇ ಆಗಿಹೋದ ಗೀ ಪ್ವಾತ್ವಾಂ ಮತ್ತು ಅವರ ಸಹೋದ್ಯೋಗಿ ಹೇಮಾ ರಾಯರ್‌ಕರ್ ಮುಳಶಿ, ಮಾವಳದ ಹಳ್ಳಿಗಳಿಂದ ಶುರುಮಾಡಿ ಮಹಾರಾಷ್ಟ್ರದ ಸಾವಿರಕ್ಕೂ ಹೆಚ್ಚು ಹಳ್ಳಿಗಳ ಬೀಸುಕಲ್ಲಿನ ಓವಿಗಳನ್ನು ಕೂಡಿಸಿದರು. ಒಂದು ಲಕ್ಷಕ್ಕೂ ಮಿಕ್ಕ ಓವಿಗಳು. ಕ್ಯಾಸೆಟ್ ಅಂಗಡಿಗಳು ಗಿಜಿಗುಡುತ್ತಿದ್ದ ಅದೇ ತೊಂಬತ್ತರ ದಶಕದಲ್ಲಿ ಆ ಓವಿಗಳು ಕಂಪ್ಯೂಟರಿಗೆ ಏರಿದವು, ಬರ್ನಾರ್ ಬೆಲ್ ಎಂಬವರು ಸೇರಿಕೊಂಡು ಧ್ವನಿಮುದ್ರಣವೂ ನಡೆಯಿತು. 2017ರಿಂದ ಪರಿ ಎಂಬ ಗ್ರಾಮೀಣ ಪತ್ರಿಕೋದ್ಯಮದ ತಾಣ ಅವನ್ನು ಪ್ರಕಟಿಸುತ್ತ ಬಂದಿದೆ. ಮೊದಲ ಸಲ ಅದನ್ನು ತೆರೆದಾಗ ನಾನು ಹಾಡು ಕೇಳಲಿಲ್ಲ, ಹಾಡಿನ ಕೆಳಗಿದ್ದದ್ದನ್ನು ಓದುತ್ತ ಕುಳಿತೆ. ಹಾಡಿದವಳ ಹೆಸರು, ಊರು, ತಾಲೂಕು, ಎಷ್ಟು ಮಕ್ಕಳು, ಏನು ಕೆಲಸ. ಸಾಹಿತ್ಯ ಜಾನಪದ ಎಂಬ ಎರಡು ಶಬ್ದದ ಜಾಗದಲ್ಲಿ ಒಬ್ಬ ಹೆಂಗಸು ಕುಳಿತಿದ್ದಳು.

ಇಲ್ಲಿಗೆ ನನ್ನ ತೀರ್ಮಾನ ಸುಲಭವಾಗಬೇಕಿತ್ತು. ಆಯಿಯ ಹೆಸರು ಬರೆ, ಊರು ಬರೆ, ಕಳಿಸು. ಕಂಪನಿಗಳು ಮಾಡಿದ ತಪ್ಪನ್ನು ನೀನು ಮಾಡಬೇಡ.

ಕಳಿಸಲು ಹೋಗಿ ಮತ್ತೊಮ್ಮೆ ಟೇಪನ್ನು ಪೂರ್ತಿ ಕೇಳಿದೆ. ಬೀಸುವ ಪದ ಹೇಗಿರುತ್ತದೆಂದು ಗೊತ್ತಲ್ಲ. ಮೊದಲು ಕಲ್ಲಿಗೆ, ದೇವರಿಗೆ ನಮಸ್ಕಾರ. ಆಮೇಲೆ ತವರು, ಅಣ್ಣ, ತಮ್ಮ, ಮಗಳು. ಹಳೆಯ ಪದದೊಳಗೆ ತನ್ನ ಮನೆಯವರ ಹೆಸರು ಸೇರಿಸುತ್ತ ಹೋಗುತ್ತಾರೆ. ನಡುವೆ ಎರಡು ಪದಗಳಲ್ಲಿ ಆಯಿ ತನ್ನ ಅಣ್ಣನ ಹೆಸರು ಹಿಡಿದು, ಹೊಲದ ವಿಷಯದಲ್ಲಿ ಅವನು ಮಾಡಿದ ಅನ್ಯಾಯವನ್ನು ಹಾಡಿದ್ದಾಳೆ. ಅತ್ತಿಗೆಯನ್ನೂ ಬಿಟ್ಟಿಲ್ಲ. ಜೀವನವಿಡೀ ಆ ಅಣ್ಣನ ಎದುರು ತಲೆಯ ಮೇಲಿನ ಸೆರಗು ಜಾರಿಸದೆ ಇದ್ದ ಹೆಂಗಸು. ನಮ್ಮ ಮನೆಯ ಗಂಡಸರು ಯಾರೂ ಆಕೆಯ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಬದಿ ಮುಗಿಯುವ ಮುಂಚೆ, ಆ ಟಕ್ ಶಬ್ದಕ್ಕೂ ಮೊದಲು, ಆಕೆ ನನಗೆ ಹೇಳಿದ ಮಾತೂ ಟೇಪಿನಲ್ಲಿದೆ: “ಬಂದ್ ಮಾಡೊ ಅದನ್ನ. ಗಣಮಕ್ಕಳ ಮುಂದ ಹಚ್ಚಬ್ಯಾಡ ಮತ್ತ.” ಹೂಂ ಅಂದ ಹುಡುಗನ ದನಿಯೂ ಇದೆ. ಅದು ನಾನು.

ಆಗ ನನಗೆ ಹೊಳೆದದ್ದು, ಹೆಸರಿಲ್ಲದಿರುವುದು ಬರೀ ನಷ್ಟವಲ್ಲ. ಪದ ನನ್ನದಲ್ಲ, ಹಿಂದಿನಿಂದ ಬಂದದ್ದು ಎಂಬ ನೆರಳಿನಲ್ಲಿ ನಿಂತಿದ್ದರಿಂದಲೇ ಆಯಿಗೆ ಆ ಮಾತು ಹಾಡಲು ಧೈರ್ಯ ಬಂದದ್ದು. ಮಾತಾಗಿ ಆಡಿದ್ದರೆ ಜಗಳವಾಗುತ್ತಿತ್ತು, ಪದವಾದ್ದರಿಂದ ಅರಿಷಿಣದ ಜೊತೆ ಬೀಸಿಹೋಯಿತು. ಜಾನಪದ ಎಂಬ ಶಬ್ದ ಆಕೆಗೆ ಗೊತ್ತಿರಲಿಲ್ಲ, ಆದರೆ ಅದು ಕೊಡುವ ಮರೆ ಗೊತ್ತಿತ್ತು. ಕ್ಯಾಸೆಟ್ಟಿನವರು ಮಾಡಿದ್ದು ಆ ಮರೆಯನ್ನೇ ಮುಕ್ತ ಗೋದಾಮು ಎಂದು ತಿಳಿದು ಒಳಗೆ ನುಗ್ಗಿದ್ದು. ನಾನು ಈಗ ಹೆಸರು, ಊರು, ತಾಲೂಕು ಬರೆದು ಕಳಿಸಿದರೆ ಆಕೆಗೆ ನ್ಯಾಯ ಮಾಡಿದೆನೆಂದು ಬೀಗುತ್ತ ಆ ಮರೆಯನ್ನೇ ಕಿತ್ತೆಸೆದಂತೆ. ಹೆಸರಿಲ್ಲದೆ ಕಳಿಸಿದರೆ ಮತ್ತೆ ಅದೇ ಸಾಹಿತ್ಯ: ಜಾನಪದ.

ಒಬ್ಬ ಗೆಳೆಯನ ಮುಂದೆ ಇದನ್ನು ಹೇಳಿಕೊಂಡೆ. ಆತ ವಕೀಲನ ಹಾಗೆ ವಾದಿಸಿದ. ಆಯಿ ತೀರಿಹೋಗಿ ಇಪ್ಪತ್ತು ವರ್ಷವಾಯಿತು, ಆ ಅಣ್ಣನೂ ಇಲ್ಲ, ಟೇಪು ಇನ್ನೆಷ್ಟು ದಿನ ಬಾಳುತ್ತದೆ, ಹದಿನಾಲ್ಕು ವರ್ಷದ ಹುಡುಗ ಹೇಳಿದ ಹೂಂಗೆ ಏನು ಬೆಲೆ, ಜಾನಪದ ಎಂದರೆ ಎಲ್ಲರ ಆಸ್ತಿ ಅಲ್ಲವೇ. ಟೇಪಿನ ಆಯಸ್ಸಿನ ಮಾತು ನಿಜ. ಕೊನೆಯದನ್ನು ಮಾತ್ರ ನಾನು ಒಪ್ಪಲಾರೆ. ಆ ಪದಗಳು ಎಂದೂ ಎಲ್ಲರವಾಗಿರಲಿಲ್ಲ. ಕಲ್ಲಿನ ಮುಂದೆ ಕುಳಿತವರವು ಅವು. ಹೊಸ ಸೊಸೆ ಬಂದು ಎದುರಿಗೆ ಕುಳಿತು ಗೂಟ ಹಿಡಿದರೆ ಆಕೆಯವೂ ಆಗುತ್ತಿದ್ದವು, ಆಕೆ ಸೊಲ್ಲು ಸೇರಿಸಿದರೆ ಬೇಡ ಎನ್ನುವವರಿರಲಿಲ್ಲ. ಪಡೆಯಲು ದುಡ್ಡು ಬೇಡ, ರಟ್ಟೆ ಬೇಕು. ಒಡೆತನ ಇರಲಿಲ್ಲ ಎಂದರೆ ಬಾಗಿಲೇ ಇರಲಿಲ್ಲ ಎಂದಲ್ಲ. ಸೋಫಾದ ಮೇಲೆ ಕುಳಿತು ಕೇಳುವ ನಾನು ಆ ಬಾಗಿಲಿನ ಒಳಗಿನವನೋ ಹೊರಗಿನವನೋ?

ಆಯಿಯನ್ನು ಕೇಳುವಂತಿಲ್ಲ. ಆದರೆ ಟೇಪಿನಲ್ಲಿ ಇನ್ನೊಬ್ಬರಿದ್ದಾರೆ ಎಂಬುದು ಇಷ್ಟು ದಿನ ನನಗೆ ಹೊಳೆಯದೆ ಇದ್ದದ್ದೇ ನಾಚಿಕೆಗೇಡು. ಹೋದ ತಿಂಗಳು ಎರಡು ದಿನ ರಜೆ ಹಾಕಿ ಊರಿಗೆ ಹೋದೆ. ದೊಡ್ಡವ್ವನಿಗೆ ಈಗ ಎಂಬತ್ತರ ಹತ್ತಿರ. ಕಟ್ಟೆಯ ಮೇಲೆ ಪಕ್ಕದಲ್ಲಿ ಕುಳಿತು ಮೊಬೈಲಿನಲ್ಲಿ ಹಚ್ಚಿದೆ. ಮೊದಲು ಗುರುತು ಹತ್ತಲಿಲ್ಲ. ಬಳೆಯ ಸದ್ದು ಕೇಳಿದ ಮೇಲೆ ಬೆನ್ನು ನೆಟ್ಟಗಾಯಿತು. ಪೂರ್ತಿ ಕೇಳಿದಳು. ಐದನೆಯ ಪದಕ್ಕೆ ನನ್ನ ತೊಡೆಗೆ ತಟ್ಟಿ ನಿಲ್ಲಿಸಲು ಹೇಳಿದಳು.

“ಇದು ನಿಮ್ಮ ಆಯಿ ಹಾಡಿದ್ದಲ್ಲೋ ತಮ್ಮಾ. ಇದು ನಂದು. ಇದರ ಹಿಂದಿಂದೂ ನಂದs. ಆಕಿ ಬರೇ ಸೊಲ್ಲ ಎತ್ತಿ ಕೊಟ್ಟಾಳ.”

ಮೂವತ್ತು ವರ್ಷ ಆ ಕ್ಯಾಸೆಟ್ಟಿನ ಮೇಲೆ ನಾನೇ ಬರೆದ ಚೀಟಿ ಅಂಟಿಕೊಂಡಿದೆ: ಆಯಿಯ ಹಾಡು. ಹೊದಿಕೆಯ ಮೇಲೆ ಜಾನಪದ ಎಂದು ಅಚ್ಚು ಹಾಕಿದವನ ಮೇಲೆ ಇಷ್ಟೆಲ್ಲ ಬರೆಯುತ್ತಿದ್ದ ನಾನು ಎದುರಿಗೆ ಕುಳಿತು ಅರ್ಧ ಕಲ್ಲು ತಿರುಗಿಸಿದವಳ ಹೆಸರನ್ನು ಚೀಟಿಯಿಂದ ಬಿಟ್ಟಿದ್ದೆ. ತಪ್ಪಾಯಿತು ದೊಡ್ಡವ್ವ ಎಂದೆ. ಆಕೆಗೆ ಅದರಲ್ಲಿ ಅಂಥ ದೊಡ್ಡ ಸಂಗತಿ ಕಾಣಲಿಲ್ಲ. ಎಲೆ ಅಡಿಕೆ ಹಾಕಿಕೊಂಡು ಲೆಕ್ಕ ಮಾಡುವವಳಂತೆ ಹೇಳಿದಳು:

“ಆಕಿ ಅಣ್ಣಂದು ಎರಡು ಬ್ಯಾಡ. ಅವನ ಮೊಮ್ಮಕ್ಕಳು ಈಗೂ ನಮ್ಮನಿಗಿ ಬಂದು ಉಂಡು ಹೋಗ್ತಾವ. ಉಳದವು ಹಾಕ್. ನನ್ನ ಹೆಸರು ಹಾಕಾಂವ ಇದ್ದರ ಈ ಊರ ಹೆಸರು ಬ್ಯಾಡ, ನನ್ನ ತವರೂರ ಹೆಸರು ಹಾಕ್. ಪದ ಅಲ್ಲಿಂದ ತಂದೀನಿ ನಾ.”

ಪುಣೆಗೆ ಬಂದು ಎರಡು ಪದ ತೆಗೆದು ಉಳಿದವನ್ನು ಸಂಪಾದಕರಿಗೆ ಕಳಿಸಿದ್ದೇನೆ. ಹೆಸರುಗಳನ್ನು ದೊಡ್ಡವ್ವ ಹೇಳಿದಂತೆಯೇ ಹಾಕಬೇಕೆಂದು ಕೇಳಿಕೊಂಡಿದ್ದೇನೆ. ಆಯಿಯ ತವರೂರು ಬರೆಯಲಿಲ್ಲ, ಬರೆದರೆ ಅಣ್ಣನ ಊರು ಬರೆದಂತೆ ಆಗುತ್ತದೆ. ತೆಗೆದ ಎರಡನ್ನು ಅಳಿಸಲು ನನ್ನಿಂದ ಆಗಲಿಲ್ಲ. ಅಕ್ಕನಿಗೆ ಕೊಟ್ಟೆ. ಆ ಅರಿಷಿಣ ಆಕೆಯ ಮದುವೆಯದು, ಇಟ್ಟುಕೊಳ್ಳುವುದೋ ಬಿಡುವುದೋ ಆಕೆ ನೋಡಿಕೊಳ್ಳಲಿ.

ಟಕ್ ಶಬ್ದದ ನಂತರದ ಆ ಅರ್ಧ ಹಾಡು ಉಳಿದಿದೆ. ಒಬ್ಬ ಹೆಂಗಸಿನ ದನಿ, ಹಿಂದೆ ಕೀಬೋರ್ಡು. ದೊಡ್ಡವ್ವ ಅದನ್ನೂ ಕೇಳಿ, ಈಕಿ ಚಲೋ ಹಾಡ್ತಾಳ, ಯಾರೀಕಿ ಎಂದು ಕೇಳಿದ್ದಳು. ಹೊದಿಕೆ ಎಂದೋ ಕಳೆದುಹೋಗಿದೆ. ಮಂಗಳವಾರ ಪೇಟೆಯ ಜುನಾ ಬಾಜಾರಿನಲ್ಲಿ ಬುಧವಾರ, ಭಾನುವಾರ ಹಳೆಯ ಕ್ಯಾಸೆಟ್ಟುಗಳ ಗುಡ್ಡೆ ಹಾಕಿಕೊಂಡು ಕೂರುವವರಿದ್ದಾರೆ. ಮರಾಠಿ, ಹಿಂದಿಯ ನಡುವೆ ಅಲ್ಲೊಂದು ಇಲ್ಲೊಂದು ಕನ್ನಡದ್ದೂ ಇಣುಕುತ್ತವೆ. ಮೂರು ಭಾನುವಾರದಿಂದ ಹೋಗುತ್ತಿದ್ದೇನೆ.